ಅಕ್ಕನೊಡನೆ ಮುಂಬಯಿಯಲ್ಲಿ ಐದು ದಿನ

ದೊಡ್ಡ ಪಟ್ಟಣವನ್ನು ನೋಡಲು ಹೋಗುವವರಲ್ಲಿ ಎರಡು ಬಗೆಯವರುಂಟು. ನಾಲ್ಕು ದಿನ ಕಣ್ಣಿಗೆ ಹಬ್ಬ ಮಾಡಿಕೊಂಡು, ಊರಿಗೆ ಮರಳಿ, ಕಂಡುದನ್ನು ನೆರೆಹೊರೆಯವರಿಗೆ ಬಣ್ಣಿಸಿ ತೃಪ್ತರಾಗುವವರು ಒಂದು ಬಗೆ. ಈ ಊರಿನಲ್ಲಿ ನಾವು ಬಾಳಬಲ್ಲೆವೇ ಎಂದು ಅಳೆದು ನೋಡಲು ಹೋಗುವವರು ಇನ್ನೊಂದು ಬಗೆ. ಮೊದಲಿನವರಿಗೆ ಗೋಪುರ ಗುಮ್ಮಟಗಳು ಕಾಣುತ್ತವೆ. ಎರಡನೆಯವರಿಗೆ ನೀರು ಬರುವ ಹೊತ್ತು, ಹತ್ತಬೇಕಾದ ಮೆಟ್ಟಿಲು, ದುಡಿಯಹೋದವರು ಮನೆಗೆ ಮರಳುವ ಸಮಯ ಇವು ಕಾಣುತ್ತವೆ. ಕಳೆದ ಮಾಘಮಾಸದಲ್ಲಿ ನಾವು ಮುಂಬಯಿಗೆ ಹೋದದ್ದು ಮೊದಲನೆಯ ಬಗೆಯ ಪ್ರವಾಸಿಗಳಾಗಿ. ನಮ್ಮ ಸಂಗಡ ಬಂದ ಅಕ್ಕನವರಾದರೋ ಎರಡನೆಯ ಬಗೆಯವರು. ಆದುದರಿಂದ ಒಂದೇ ಊರನ್ನು ನಾವು ಎರಡು ಜೊತೆ ಕಣ್ಣುಗಳಿಂದ ನೋಡಿದಂತಾಯಿತು.

ಅಕ್ಕನವರಿಗೆ ಅರವತ್ತೆಂಟು ವರ್ಷ ವಯಸ್ಸು. ಭಾವನವರು ಗತಿಸಿ ಎರಡು ವರ್ಷಗಳಾದುವು. ಧಾರವಾಡದಲ್ಲಿ ಹೆಂಚಿನ ಮನೆ, ಹಿತ್ತಿಲಲ್ಲಿ ಬಾವಿ, ಅಂಗಳದಲ್ಲಿ ತುಳಸೀಕಟ್ಟೆ. ಮನೆಯೊಳಗೆ ಮಾತ್ರ ಅವರೊಬ್ಬರೇ. ಒಬ್ಬನೇ ಮಗನು ಮುಂಬಯಿಯ ಒಂದು ಕಚೇರಿಯಲ್ಲಿ ಕೆಲಸದಲ್ಲಿದ್ದು, ಹೆಂಡತಿ ಮತ್ತು ಏಳು ವರ್ಷದ ಮಗಳೊಡನೆ ಡೊಂಬಿವಲಿಯಲ್ಲಿ ಬಿಡಾರ ಮಾಡಿರುವನು. “ಮನೆಯನ್ನು ಮಾರಿ ಇಲ್ಲಿಗೆ ಬಂದುಬಿಡು, ಅವ್ವಾ” ಎಂದು ಅವನು ಫೋನಿನಲ್ಲಿ ಹೇಳುತ್ತಲೇ ಇದ್ದನು. ಕೊಳ್ಳುವವರೂ ಒಬ್ಬರು ಬಂದು ಬೆಲೆ ಕೇಳಿ ಹೋಗಿದ್ದರು. ಅಕ್ಕನವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. “ಆ ಊರನ್ನು ನಾನು ನೋಡಿಲ್ಲ. ನೋಡಿ ಹೇಳುತ್ತೇನೆ” ಎಂದರು. ಅವರನ್ನು ಕರೆದೊಯ್ಯುವ ಕೆಲಸ ನಮ್ಮ ಪಾಲಿಗೆ ಬಂದಿತು.

ಧಾರವಾಡದವರಿಗೆ ಮುಂಬಯಿ ಹೊಸ ಊರಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಸೀಮೆಗಳು 1956ನೆಯ ಇಸವಿಯ ರಾಜ್ಯ ಪುನರ್ವಿಂಗಡಣೆಯವರೆಗೂ ಮುಂಬಯಿಯ ಆಡಳಿತಕ್ಕೇ ಸೇರಿದ್ದುವು. ಕರ್ನಾಟಕ ವಿಶ್ವವಿದ್ಯಾಲಯವು 1949ರಲ್ಲಿ ಸ್ಥಾಪನೆಯಾಗುವವರೆಗೆ ನಮ್ಮ ಹಿರಿಯರು ಪದವಿಯನ್ನು ಪಡೆಯುತ್ತಿದ್ದುದೂ ಮುಂಬಯಿ ವಿಶ್ವವಿದ್ಯಾಲಯದಿಂದಲೇ. ನಮ್ಮ ತೀರ್ಥರೂಪರ ಪದವಿಪತ್ರವು ಗಾಜಿನ ಚೌಕಟ್ಟಿನೊಳಗೆ ಇಂದಿಗೂ ನಮ್ಮ ಪಡಸಾಲೆಯಲ್ಲಿದೆ.

ಧಾರವಾಡದಿಂದ ರಾತ್ರಿಯ ಗಾಡಿಯನ್ನು ಹಿಡಿದರೆ ಬೆಳಗಾವಿ, ಮಿರಜ, ಪುಣೆಗಳನ್ನು ಹಿಂದಕ್ಕೆ ಹಾಕಿ ಮುಂಬಯಿಯತ್ತ ಇಳಿಯುತ್ತೇವೆ. ಇಳಿಯುತ್ತೇವೆ ಎಂಬುದು ಬರಿಯ ಮಾತಲ್ಲ. ಲೋಣಾವಳದ ಮುಂದೆ ಬೋರ್ ಘಾಟದಲ್ಲಿ ಗಾಡಿಯು ಸುರಂಗದ ಕತ್ತಲೆಗೆ ನುಗ್ಗುತ್ತ, ಬೆಳಕಿಗೆ ಬರುತ್ತ, ಕಂದರಗಳ ಅಂಚಿನಲ್ಲಿ ಮೆಲ್ಲಮೆಲ್ಲನೆ ಕೊಂಕಣಕ್ಕೆ ಇಳಿದುಹೋಗುವ ನೋಟವು ಹೃದಯಂಗಮವಾಗಿದೆ. ಈ ಹಾದಿಯು 1863ರಲ್ಲಿ ತೆರೆಯಿತು. ಅದನ್ನು ಕಡಿಯುವಾಗ ರೋಗರುಜಿನಗಳಿಂದಲೂ ಅಪಘಾತಗಳಿಂದಲೂ ಸಾವಿರಾರು ಕೂಲಿಗಳು ಪ್ರಾಣ ತೆತ್ತರು. ಅಕ್ಕನವರು ಕಿಟಕಿಯ ಬಳಿ ಕುಳಿತು, ಪ್ರತಿಯೊಂದು ಸುರಂಗ ಬಂದಾಗಲೂ ಬೆರಳು ಮಡಿಚಿ ಎಣಿಸುತ್ತಿದ್ದರು. ಕಲ್ಯಾಣದಲ್ಲಿ ಇಳಿದು, ಬುಧವಾರ ಬೆಳಿಗ್ಗೆ ಅಳಿಯನ ಮನೆಯನ್ನು ಸೇರಿದೆವು.

ಮನೆ ಏಳನೆಯ ಅಂತಸ್ತಿನಲ್ಲಿ; ಎರಡು ಕೋಣೆ, ಒಂದು ಅಡಿಗೆಮನೆ. ಏರಲು ವಿದ್ಯುತ್ತಿನ ತೊಟ್ಟಿಲು ಉಂಟು. ಬೆಳಿಗ್ಗೆ ಏಳೂಕಾಲಿಗೆ ಮಗನು ಹೊರಡುವನು, ಎಂಟಕ್ಕೆ ಸೊಸೆ, ಅದರ ನಡುವೆ ಮಗುವಿನ ಶಾಲೆಯ ಬಂಡಿ. ರಾತ್ರಿ ಒಂಬತ್ತಾದರೂ ಮಗನು ಬರಲಿಲ್ಲ. ಅಕ್ಕನವರು ತಟ್ಟೆಯ ಮೇಲೆ ತಟ್ಟೆ ಮುಚ್ಚಿಟ್ಟು ಕಾದರು. ಮಾತೇನೂ ಆಡಲಿಲ್ಲ.

ಗುರುವಾರ ನಮ್ಮ ಊರು ನೋಡುವ ಕಾರ್ಯಕ್ರಮವು ಆರಂಭವಾಯಿತು. ಡೊಂಬಿವಲಿಯಿಂದ ಕೋಟೆಯ ಭಾಗಕ್ಕೆ ಸುಮಾರು 48 ಕಿಲೋಮೀಟರು. ಜನರು ‘ಲೋಕಲ್’ ಎಂದು ಕರೆಯುವ ಗಾಡಿಯೇ ಈ ಊರಿನ ನಾಡಿ. 2020ಕ್ಕೆ ಮುಂಚಿನ ಲೆಕ್ಕದಂತೆ ದಿನಂಪ್ರತಿ 75 ಲಕ್ಷದಷ್ಟು ಜನರು ಇವುಗಳಲ್ಲಿ ಓಡಾಡುತ್ತಿದ್ದರು. ನೂಕುನುಗ್ಗಲು ಇಳಿಯಲೆಂದು ನಾವು ಹನ್ನೊಂದರ ಮೇಲೆ ಹೊರಟೆವು. ಭಾರತದ ಮೊತ್ತಮೊದಲನೆಯ ಪ್ರಯಾಣಿಕರ ಗಾಡಿಯು ಓಡಿದ್ದೂ ಈ ಹಾದಿಯ ಒಂದು ಭಾಗದಲ್ಲಿಯೇ: 1853ನೆಯ ಇಸವಿ ಏಪ್ರಿಲ್ 16ರಂದು, ಬೋರಿಬಂದರಿನಿಂದ ಠಾಣೆಯವರೆಗೆ, 34 ಕಿಲೋಮೀಟರು. ಅಂದು ಅದರಲ್ಲಿ ಕುಳಿತವರು ಸುಮಾರು 400 ಮಂದಿ. “ಈ ಒಂದು ಡಬ್ಬಿಯಲ್ಲಿಯೇ ಈಗ ಅಷ್ಟು ಜನ ಇರಬೇಕು” ಎಂದು ಅಕ್ಕನವರು ನಕ್ಕರು.

ಬೋರಿಬಂದರಿನ ಸ್ಥಳದಲ್ಲಿ ಇಂದು ನಿಂತಿರುವುದು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್. 1996ಕ್ಕೆ ಮುಂಚೆ ಇದು ವಿಕ್ಟೋರಿಯಾ ಟರ್ಮಿನಸ್ ಎಂದು ಹೆಸರಾಗಿತ್ತು. ಎಫ್. ಡಬ್ಲ್ಯು. ಸ್ಟೀವನ್ಸ್ ಎಂಬ ಶಿಲ್ಪಿಯ ಯೋಜನೆಯಂತೆ 1878ರಲ್ಲಿ ಕಟ್ಟಲಾರಂಭಿಸಿ ಹತ್ತು ವರ್ಷ ಹಿಡಿಯಿತು. 2004ರಲ್ಲಿ ಇದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ರೈಲುನಿಲ್ದಾಣವೋ ಅರಮನೆಯೋ ಎಂಬ ಭ್ರಾಂತಿ ಯಾರಿಗಾದರೂ ಉಂಟಾದೀತು. ಬಾಗಿಲ ಕಂಬಗಳ ಮೇಲೆ ಒಂದು ಕಡೆ ಬ್ರಿಟನ್ನಿನ ಗುರುತಾದ ಸಿಂಹ, ಇನ್ನೊಂದು ಕಡೆ ಭಾರತದ ಗುರುತಾದ ಹುಲಿ. ಗೋಡೆಯ ತುಂಬ ಕಲ್ಲಿನ ಎಲೆಬಳ್ಳಿ, ಹಕ್ಕಿ, ಮೃಗಗಳು. ನಡುಗುಮ್ಮಟದ ನೆತ್ತಿಯ ಮೇಲೆ ಕೈಯಲ್ಲಿ ದೀವಟಿಗೆಯನ್ನೆತ್ತಿ ನಿಂತ ‘ಪ್ರಗತಿ’ ಎಂಬ ಸ್ತ್ರೀಮೂರ್ತಿ. ನಾವು ಕತ್ತೆತ್ತಿ ಆ ಮೂರ್ತಿಯನ್ನು ತೋರಿಸುತ್ತಿದ್ದರೆ ಅಕ್ಕನವರ ದೃಷ್ಟಿ ಕೆಳಗೆ ಓಡುವ ಜನರ ಮೇಲೆಯೇ ಇದ್ದಿತು. ಒಬ್ಬರೂ ತಲೆಯೆತ್ತಿ ನೋಡುವವರಿಲ್ಲ. “ಪಾಪ, ಅವಳಿಗೂ ಪುರುಸೊತ್ತಿಲ್ಲ, ದೀಪ ಹಿಡಿದು ನಿಂತೇ ಇದ್ದಾಳೆ” ಎಂದರು.

ಅಲ್ಲಿಂದ ಓವಲ್ ಮೈದಾನದ ಕಡೆಗೆ ಹೋದೆವು. ನಡೆಯುತ್ತ ಈ ಊರು ಹುಟ್ಟಿದ ಬಗೆಯನ್ನು ಅವರಿಗೆ ಹೇಳಿದೆವು. ಇಂದು ಒಂದೇ ಆಗಿ ಕಾಣುವ ನೆಲವು ಹಿಂದೆ ಏಳು ಸಣ್ಣ ದ್ವೀಪಗಳಾಗಿತ್ತು. 1534ರಲ್ಲಿ ಪೋರ್ತುಗೀಜರ ವಶವಾಗಿದ್ದ ಇವು, 1661ರ ಒಪ್ಪಂದದಂತೆ, ಅವರ ರಾಜಕುಮಾರಿ ಕ್ಯಾಥರೀನಳ ಬಳುವಳಿಯಾಗಿ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಗೆ ಸಂದುವು. ಆತನು 1668ರಲ್ಲಿ ವರ್ಷಕ್ಕೆ 10 ಪೌಂಡಿನ ಗೇಣಿಗೆ ಇವನ್ನು ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿದನು. ಆಮೇಲೆ ಸಮುದ್ರವನ್ನು ತುಂಬುತ್ತ ತುಂಬುತ್ತ ದ್ವೀಪಗಳನ್ನು ಒಂದುಗೂಡಿಸಿದರು. “ಸುತ್ತಲೂ ಉಪ್ಪುನೀರು, ಕುಡಿಯುವ ನೀರಿಗೇನು ಮಾಡಿದರು?” ಎಂಬುದು ಅಕ್ಕನವರ ಪ್ರಶ್ನೆ. ಬಾವಿಯುಳ್ಳ ಮನೆಯವರಲ್ಲದೆ ಇದನ್ನು ಕೇಳುವವರಾರು? ಬಾವಿ ಕೆರೆಗಳು ಸಾಲದಾದಾಗ 1860ರಲ್ಲಿ ವಿಹಾರ್ ಸರೋವರದ ನೀರನ್ನೂ 1892ರಲ್ಲಿ ಬಹು ದೂರದ ತಾನ್ಸಾ ಸರೋವರದ ನೀರನ್ನೂ ಕೊಳವೆಗಳಲ್ಲಿ ತಂದರು. ಇಂದಿಗೂ ಈ ಮಹಾನಗರವು ನೂರು ಕಿಲೋಮೀಟರುಗಳಷ್ಟು ಆಚೆಯಿಂದ ನೀರು ತರಿಸಿ ಕುಡಿಯುತ್ತದೆ.

ಮೈದಾನದ ಅಂಚಿನಲ್ಲಿ, ವಿಶ್ವವಿದ್ಯಾಲಯದ ಆವರಣದೊಳಗೆ ರಾಜಾಬಾಯಿ ಗೋಪುರವು 280 ಅಡಿಗಳ ಎತ್ತರಕ್ಕೆ ನಿಂತಿದೆ. ನಮ್ಮ ತಂದೆಯವರ ಪದವಿಪತ್ರಕ್ಕೆ ಮುದ್ರೆ ಬಿದ್ದುದು ಈ ವಿಶ್ವವಿದ್ಯಾಲಯದಲ್ಲಿಯೇ ಎಂಬುದನ್ನು ನೆನೆದು ನಾವಿಬ್ಬರೂ ಒಂದು ನಿಮಿಷ ಸುಮ್ಮನೆ ನಿಂತೆವು. ಗೋಪುರವನ್ನು ಕಟ್ಟಲು ಎರಡು ಲಕ್ಷ ರೂಪಾಯಿ ಕೊಟ್ಟವರು ಪ್ರೇಮಚಂದ ರಾಯಚಂದ ಎಂಬ ವರ್ತಕರು. ತಮ್ಮ ತಾಯಿಯ ಹೆಸರನ್ನು ಇದಕ್ಕಿಡಿಸಿದರು. 1878ರಲ್ಲಿ ಕೆಲಸ ಮುಗಿಯಿತು. ಆ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲವೆಂದೂ, ಜೈನಧರ್ಮದಂತೆ ಸೂರ್ಯಾಸ್ತಕ್ಕೆ ಮುಂಚೆ ಊಟ ಮಾಡಬೇಕಾದುದರಿಂದ ಗಡಿಯಾರದ ಗಂಟೆಯು ಆಕೆಗೆ ಹೊತ್ತು ತಿಳಿಸುತ್ತಿತ್ತೆಂದೂ ಒಂದು ಕಥೆ ಪ್ರಚಾರದಲ್ಲಿದೆ. ಅಕ್ಕನವರು ಕಥೆಯನ್ನು ಮನಸ್ಸಿಟ್ಟು ಕೇಳಿ, “ಒಳ್ಳೆಯ ಮಗ. ಗಂಟೆ ಕೇಳಿ ತಾಯಿ ಎಲೆಯ ಮುಂದೆ ಕೂತಾಗ, ಅವನು ಪಕ್ಕದಲ್ಲಿ ಕೂತಿರುತ್ತಿದ್ದನೇ?” ಎಂದರು. ಇದಕ್ಕೆ ಚರಿತ್ರೆಯಲ್ಲಿ ಉತ್ತರವಿಲ್ಲ.

ಸಮೀಪದ ಚರ್ಚ್‌ಗೇಟ್ ನಿಲ್ದಾಣದ ಹೊರಗೆ ಡಬ್ಬಾವಾಲಾಗಳನ್ನು ಕಂಡೆವು. ಬಿಳಿಯ ಗಾಂಧಿಟೋಪಿ ಹಾಕಿದ ಈ ಜನರು ಮನೆಮನೆಯ ಅಡಿಗೆಯನ್ನು ಕಚೇರಿಯ ಮೇಜಿಗೆ ಮುಟ್ಟಿಸುವವರು. 1890ರಲ್ಲಿ ಮಹಾದೇವ ಹಾವಜಿ ಬಚ್ಚೆ ಎಂಬವರು ಈ ಉದ್ಯೋಗಕ್ಕೆ ಮೊದಲು ಮಾಡಿದರು. ಪುಣೆಯ ಕಡೆಯ ಹಳ್ಳಿಗಳವರೇ ಇದರಲ್ಲಿ ಹೆಚ್ಚು. ಡಬ್ಬಿಯ ಮುಚ್ಚಳದ ಮೇಲೆ ಬಣ್ಣ, ಅಂಕಿ, ಅಕ್ಷರಗಳ ಗುರುತು. ಅದನ್ನು ನೋಡಿಯೇ ಯಾವ ನಿಲ್ದಾಣ, ಯಾವ ಕಟ್ಟಡ, ಎಷ್ಟನೆಯ ಅಂತಸ್ತು ಎಂದು ತಿಳಿಯುವರು. 2020ರ ಮಹಾಮಾರಿಯ ತರುವಾಯ ಇವರ ಸಂಖ್ಯೆ ಬಹಳ ಇಳಿದಿದ್ದರೂ ಕಾಯಕ ನಿಂತಿಲ್ಲ. ಅಕ್ಕನವರು ಅಲ್ಲಿಂದ ಕದಲಲೊಲ್ಲದೆ ಹೋದರು. ಡಬ್ಬಿಗಳ ಸಾಲನ್ನು ನೋಡುತ್ತ, “ಮಕ್ಕಳು ಮನೆಗೆ ಬರಲಾರರೆಂದು ಮನೆಯೇ ಮಕ್ಕಳ ಹತ್ತಿರ ಹೋಗುತ್ತಿದೆ” ಎಂದು ತಮ್ಮಷ್ಟಕ್ಕೆ ನುಡಿದರು.

ಆ ಸಂಜೆ ಕಂಡ ವಸ್ತುಸಂಗ್ರಹಾಲಯದ ವಿಷಯವನ್ನು ಕನ್ನಡ ವಾಚಕರಿಗೆ ಹೇಳಲೇಬೇಕು. 1922ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಎಂಬ ಹೆಸರಿನಿಂದ ತೆರೆದ ಇದು ಈಗ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ. ಇದರ ಶಿಲ್ಪಶಾಲೆಯಲ್ಲಿ ನಮ್ಮ ಐಹೊಳೆಯ ಗುಡಿಯೊಂದರ ಒಳಮಾಳಿಗೆಯ ಶಿಲ್ಪಗಳಿವೆ. ಅವುಗಳಲ್ಲಿ ಬ್ರಹ್ಮನ ಮೂರ್ತಿಯು ಅತ್ಯಂತ ಸುಂದರವಾದುದು. ಅಕ್ಕನವರು ಕೈಮುಗಿದು, “ಮಾಳಿಗೆಯಲ್ಲಿದ್ದವನು ಗೋಡೆಗೆ ಬಂದಿದ್ದಾನೆ. ಇಲ್ಲಿ ನೋಡುವವರೇನೋ ಬಹಳ. ಆದರೆ ‘ನಮ್ಮವನು’ ಎನ್ನುವವರು ಎಷ್ಟು ಜನ, ತಮ್ಮಾ?” ಎಂದರು. ಅವರು ಯಾರ ಮಾತನ್ನು ಆಡುತ್ತಿದ್ದರೆಂಬುದು ನಮಗೆ ತಿಳಿಯದೆ ಇರಲಿಲ್ಲ.

ಶುಕ್ರವಾರ ಗೇಟ್‌ವೇ ಆಫ್ ಇಂಡಿಯಾದ ಕಟ್ಟೆಯಿಂದ ದೋಣಿ ಹತ್ತಿದೆವು. ಐದನೆಯ ಜಾರ್ಜ್ ದೊರೆಯು 1911ರಲ್ಲಿ ಇಲ್ಲಿ ಬಂದಿಳಿದುದರ ನೆನಪಿಗೆಂದು ಎತ್ತಿಸಿದ ಈ ಮಹಾದ್ವಾರವು 1924ರಲ್ಲಿ ಪೂರ್ಣವಾಯಿತು. ಸ್ವಾತಂತ್ರ್ಯಾನಂತರ, 1948ರ ಫೆಬ್ರವರಿ 28ರಂದು, ಬ್ರಿಟಿಷ್ ಸೇನೆಯ ಕಡೆಯ ತುಕಡಿಯು ಹೊರಟುಹೋದದ್ದೂ ಇದೇ ಬಾಗಿಲಿನಿಂದ. ಬಂದವರ ನೆನಪಿಗೆ ಕಟ್ಟಿದ್ದು ಹೋದವರ ನೆನಪಾಗಿ ಉಳಿಯಿತು.

ದೋಣಿಯಲ್ಲಿ ಒಂದು ತಾಸು ಸಾಗಿದರೆ ಘಾರಾಪುರಿ. ಇಲ್ಲಿದ್ದ ಕಲ್ಲಾನೆಯೊಂದನ್ನು ಕಂಡು ಪೋರ್ತುಗೀಜರು ಇದನ್ನು ಎಲಿಫೆಂಟಾ ಎಂದು ಕರೆದರು. ಆ ಆನೆಯು ಈಗ ಬೈಕಳಾದ ಭಾವು ದಾಜಿ ಲಾಡ್ ಸಂಗ್ರಹಾಲಯದ ಬಳಿಯಿದೆ. ಮೆಟ್ಟಿಲುಗಳನ್ನೇರಿ ಗುಹೆಯೊಳಗೆ ಕಾಲಿಟ್ಟರೆ, ಬೆಟ್ಟವನ್ನೇ ಕೊರೆದು ಮಾಡಿದ ಕಂಬಸಾಲೆಯ ಕೊನೆಯಲ್ಲಿ, ಸುಮಾರು 20 ಅಡಿ ಎತ್ತರದ ಸದಾಶಿವನು ಮೂರು ಮುಖಗಳಿಂದ ತೋರುತ್ತಾನೆ. ನಮ್ಮ ಎಡಕ್ಕೆ ರೌದ್ರಮುಖ, ಬಲಕ್ಕೆ ಸೌಮ್ಯಮುಖ, ನಡುವೆ ಕಣ್ಣುಮುಚ್ಚಿದ ಪರಮಶಾಂತಿ. ಇವು ಆರನೆಯ ಶತಮಾನದ ಕೆಲಸವೆಂದು ವಿದ್ವಾಂಸರ ಅಭಿಪ್ರಾಯ. ಸುತ್ತಲ ಗೋಡೆಗಳ ಮೂರ್ತಿಗಳಲ್ಲಿ ಕೈಕಾಲು ಮುರಿದವೇ ಹೆಚ್ಚು; ಆದರೂ ಶಿವಪಾರ್ವತಿಯರ ವಿವಾಹದ ಶಿಲ್ಪದಲ್ಲಿ ಮದುವಣಗಿತ್ತಿಯ ಬಾಗಿದ ತಲೆಯ ನಾಚಿಕೆ ಇನ್ನೂ ಮಾಸಿಲ್ಲ. ಬಾದಾಮಿಯ ಇಮ್ಮಡಿ ಪುಲಕೇಶಿಯು ನಾವೆಗಳಿಂದ ಮುತ್ತಿ ಗೆದ್ದನೆಂದು 634ರ ಐಹೊಳೆಯ ಶಾಸನವು ಹೇಳುವ ‘ಪುರಿ’ಯು ಈ ಘಾರಾಪುರಿಯೇ ಎಂದು ಕೆಲವು ಪಂಡಿತರು ಭಾವಿಸುತ್ತಾರೆ.

ಮೆಟ್ಟಿಲ ಬದಿಯಲ್ಲಿ ಸೌತೆಕಾಯಿ, ಮಾವಿನಕಾಯಿಗಳನ್ನು ಹೆಚ್ಚಿ ಉಪ್ಪುಕಾರ ಹಾಕಿ ಮಾರುವ ಮುದುಕಿಯೊಬ್ಬಳಿದ್ದಳು. ಧಾರವಾಡದವರಾದುದರಿಂದ ಅಕ್ಕನವರಿಗೆ ಮರಾಠಿ ಬರುತ್ತದೆ. ಅವಳ ಪಕ್ಕದಲ್ಲಿಯೇ ಕುಳಿತುಬಿಟ್ಟರು. ಅವಳ ಊರು ಈ ದ್ವೀಪವೇ. ಮುಂಬಯಿಯ ದೀಪಗಳು ಎದುರಿಗೆ ಕಾಣುತ್ತಿದ್ದರೂ ಇಲ್ಲಿಗೆ ಸಮುದ್ರದ ತಳದಿಂದ ತಂತಿ ಎಳೆದು ವಿದ್ಯುತ್ತು ಬಂದುದು 2018ರಲ್ಲಿ. ಮಕ್ಕಳು ಆಚೆ ದಡದಲ್ಲಿ ದುಡಿಯುತ್ತಾರೆ. “ನೀನೂ ಅಲ್ಲಿಗೆ ಹೋಗಿ ಇರಬಾರದೇ?” ಎಂದು ಅಕ್ಕನವರು ಕೇಳಿದರು. “ಹೋಗುತ್ತೇನೆ, ಇರುತ್ತೇನೆ, ಬರುತ್ತೇನೆ. ಹೋಗುವ ದೋಣಿ ಇದ್ದಷ್ಟೇ ಬರುವ ದೋಣಿಯೂ ಇದೆಯಲ್ಲ, ಬಾಯಿ” ಎಂದು ಅವಳು ಸೌತೆಕಾಯಿ ಹೆಚ್ಚುತ್ತಲೇ ಉತ್ತರಕೊಟ್ಟಳು. ಮರಳುವಾಗ ಕಡಲಹಕ್ಕಿಗಳು ದೋಣಿಯ ಹಿಂದೆಯೇ ಹಾರಿಬಂದುವು. ಅಕ್ಕನವರು ಅವನ್ನು ನೋಡಲಿಲ್ಲ. ಏನನ್ನೋ ಲೆಕ್ಕ ಹಾಕುತ್ತಿದ್ದರು.

ಶನಿವಾರ ಮಾಟುಂಗಾ. ದಕ್ಷಿಣದವರು ತಲೆಮಾರುಗಳಿಂದ ನೆಲೆಸಿದ ಭಾಗವಿದು. ಮೈಸೂರು ಅಸೋಸಿಯೇಶನ್ 1926ರಿಂದ ಕನ್ನಡಿಗರನ್ನು ಒಂದೆಡೆ ಸೇರಿಸುತ್ತ ಬಂದಿದೆ. ಬೀದಿಯಲ್ಲಿ ಮಲ್ಲಿಗೆಯ ಮಾಲೆ, ಬಾಳೆಲೆಯ ಕಟ್ಟು, ಕರಿಬೇವು, ಬೂದುಗುಂಬಳ. ಗಾಳಿಯಲ್ಲಿ ಹುರಿದ ಕಾಫಿಯ ವಾಸನೆ. 1942ರಲ್ಲಿ ರಾಮ ನಾಯಕರು ಸ್ಥಾಪಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆಯ ಊಟವನ್ನು ಮಾಡಿದೆವು. ಸಾರನ್ನು ಬಡಿಸುವವನೊಡನೆ ಕನ್ನಡದಲ್ಲಿ ಎರಡು ಮಾತಾಡಿದ ಅಕ್ಕನವರ ಮುಖ ಮೂರು ದಿನಗಳಲ್ಲಿ ಮೊದಲ ಬಾರಿಗೆ ಅರಳಿತು.

ಹಿಂದಿರುಗುವಾಗ ಅವರೇ, “ಹೆಂಗಸರ ಡಬ್ಬಿಯಲ್ಲಿ ನಾನೊಬ್ಬಳೇ ಬರುತ್ತೇನೆ, ನೀನು ನಿನ್ನ ಡಬ್ಬಿಯಲ್ಲಿ ಬಾ” ಎಂದರು. ನಮಗೆ ಎದೆ ಡವಗುಟ್ಟಿತು. ಆದರೆ ಅವರ ಮುಖವನ್ನು ನೋಡಿ ಬೇಡವೆನ್ನಲಾಗಲಿಲ್ಲ. ಗಾಡಿಯು ಪ್ರತಿ ನಿಲ್ದಾಣದಲ್ಲಿ ನಿಂತಾಗಲೂ ನಾವು ಬಾಗಿಲಿನಿಂದ ಕತ್ತು ಚಾಚುತ್ತಿದ್ದೆವು. ಡೊಂಬಿವಲಿಯಲ್ಲಿ ನೋಡುತ್ತೇವೆ, ಅಕ್ಕನವರು ನಗುತ್ತ ಇಳಿದರು. ಕೈಯಲ್ಲಿ ಸೋಸಿದ ಮೆಂತ್ಯದ ಸೊಪ್ಪಿನ ಒಂದು ಪೊಟ್ಟಣ! ಮೂವರು ಕೂಡುವ ಆಸನದಲ್ಲಿ ನಾಲ್ಕನೆಯವಳಿಗೆ ಎಡೆ ಮಾಡಿಕೊಡುವುದು ಈ ಗಾಡಿಗಳಲ್ಲಿ ನಡೆದುಬಂದ ಪದ್ಧತಿಯಂತೆ. ಹಾಗೆ ಎಡೆಕೊಟ್ಟವಳು ಕಚೇರಿಯಿಂದ ಮರಳುತ್ತಿದ್ದ ಒಬ್ಬ ಗೃಹಿಣಿ. ರಾತ್ರಿಯ ಅಡಿಗೆಗೆ ಸೊಪ್ಪು ಸೋಸುತ್ತಿದ್ದಳು. ಅಕ್ಕನವರು ಕೇಳದೆಯೇ ಅರ್ಧ ಕಟ್ಟನ್ನು ತಮ್ಮ ಮಡಿಲಿಗೆ ಹಾಕಿಕೊಂಡು ಸೋಸಿಕೊಟ್ಟರು. ಇಳಿಯುವಾಗ ಅವಳು ಅದರಲ್ಲೊಂದು ಪಾಲನ್ನು ಇವರ ಕೈಗಿಟ್ಟಳು. ಸ್ತ್ರೀಯರಿಗಾಗಿಯೇ ಇಡೀ ಗಾಡಿಯನ್ನು 1992ರಲ್ಲಿ ಮೊದಲು ಓಡಿಸಿದ ಊರಿದು ಎಂದು ನಾವು ಹೇಳಹೋದರೆ, “ಅದಿರಲಿ, ಆ ಹುಡುಗಿ ಬೆಳಿಗ್ಗೆ ಐದಕ್ಕೆ ಏಳುತ್ತಾಳಂತೆ. ನಮ್ಮ ಸೊಸೆಯೂ ಹೀಗೆಯೇ ಬರುವಳೇನೋ” ಎಂದರು. ಆ ರಾತ್ರಿ ಸೊಸೆ ಬರುವ ಹೊತ್ತಿಗೆ ಮೆಂತ್ಯದ ಪಲ್ಯ ಸಿದ್ಧವಾಗಿದ್ದಿತು.

ರವಿವಾರ ಮಗನಿಗೆ ಬಿಡುವು. ಎಲ್ಲರೂ ಕೂಡಿ ಗಿರಗಾಂವ ಚೌಪಾಟಿಗೆ ಹೋದೆವು. ಮೊಮ್ಮಗಳು ಮರಳಿನಲ್ಲಿ ಮನೆ ಕಟ್ಟಿದಳು. ಕತ್ತಲಾಗುತ್ತಲೇ ಕಡಲಂಚಿನ ರಸ್ತೆಯ ದೀಪಗಳು ಒಂದೊಂದಾಗಿ ಹೊತ್ತಿಕೊಂಡು ಬಾಗಿದ ಹಾರದಂತೆ ಕಾಣಿಸಿದುವು. ಆಗ ಅಕ್ಕನವರು ಮಗನಿಗೆ ಹೇಳಿದರು: “ಮನೆಯನ್ನು ಮಾರುವುದಿಲ್ಲಪ್ಪ. ದಸರೆ ಮುಗಿಸಿ ಬಂದು ಯುಗಾದಿಯವರೆಗೆ ನಿನ್ನಲ್ಲಿರುತ್ತೇನೆ. ಉಳಿದ ದಿನ ನನ್ನ ಬಾವಿ, ನನ್ನ ತುಳಸಿ. ರಜೆಯಲ್ಲಿ ಮಗುವನ್ನು ಅಲ್ಲಿಗೆ ಕಳಿಸು. ಒಂದೇ ಮಾತು: ನಾನಿರುವಾಗ ರವಿವಾರ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣಬೇಕು.” ಮಗನು ಬಹಳ ಹೊತ್ತು ಸುಮ್ಮನಿದ್ದು, “ಅಲ್ಲಿ ಒಬ್ಬಳೇ ಇರುವಾಗ ಏನಾದರೂ ಆದರೆ?” ಎಂದನು. “ರಾತ್ರಿಯ ಗಾಡಿ ಇದೆಯಲ್ಲ” ಎಂದರು ಅಕ್ಕನವರು. ಮಗನಿಗೆ ಇದರಿಂದ ಪೂರ್ತಿ ಸಮಾಧಾನವಾಗಲಿಲ್ಲ, ನಮಗೂ ಆಗಿಲ್ಲ. ಆದರೆ ಸೊಸೆಯು ಅತ್ತೆಯ ಕೈಹಿಡಿದು, “ದಸರೆಯ ಮರುದಿನವೇ ಬರಬೇಕು” ಎಂದುದನ್ನು ನಾವು ಕೇಳಿದೆವು.

ಮುಂಬಯಿಗೆ ಹೋಗುವ ವಾಚಕರಿಗೆ ಎರಡು ಮಾತು. ಘಾರಾಪುರಿಯ ಗುಹೆಗಳಿಗೆ ಸೋಮವಾರ ಬಿಡುವು; ಮಳೆಗಾಲದಲ್ಲಿ ದೋಣಿಯ ಪ್ರಯಾಣವನ್ನು ನೆಚ್ಚಲಾಗದು. ಲೋಕಲ್ ಗಾಡಿಯನ್ನು ಬೆಳಿಗ್ಗೆ ಹನ್ನೊಂದರ ಮೇಲೆ, ಸಂಜೆ ಐದರೊಳಗೆ ಹತ್ತುವುದು ಹಿರಿಯರಿಗೂ ಮಕ್ಕಳಿಗೂ ಲೇಸು. ಮತ್ತು, ಸಾಧ್ಯವಾದರೆ, ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿರಿ. ಅವರ ನಡಿಗೆ ನಿಧಾನ; ಪಟ್ಟಿಯಲ್ಲಿ ಬರೆದ ಮೂರು ನಾಲ್ಕು ಸ್ಥಳಗಳು ನೋಡದೆ ಉಳಿದುಹೋದಾವು. ಆದರೆ ಅವರು ನಿಂತು ನೋಡಿದ ಕಡೆ ನೀವೂ ನಿಂತು ನೋಡಿದರೆ, ಆ ಊರಿನಲ್ಲಿ ಜನರು ಬದುಕುವ ಬಗೆ ನಿಮಗೂ ಕಂಡೀತು.